ನೇಲ್ ಎಕ್ಸ್‌ಟೆನ್ಷನ್ ಮಾಡುವವರಿಗೆ: ಮಾಸ್ಕ್ ಹಾಕಿದರೂ ತಲೆ ಭಾರ ಏಕೆ?

ಪ್ರಶ್ನೆ: ಮೇಡಂ, ತುಮಕೂರು ಎಸ್.ಎಸ್.ಪುರಂನಲ್ಲಿ ನನ್ನದೊಂದು ಚಿಕ್ಕ ಪಾರ್ಲರ್. ಮದುವೆ ಸೀಸನ್‌ನಲ್ಲಿ ದಿನಕ್ಕೆ ನಾಲ್ಕೈದು ಅಕ್ರಿಲಿಕ್ ಸೆಟ್ (ಪುಡಿ, ಲಿಕ್ವಿಡ್ ಸೇರಿಸಿ ಮಾಡುವ ಕೃತಕ ಉಗುರು) ಹಾಕುತ್ತೇನೆ. ಎರಡು ಮಾಸ್ಕ್ ಹಾಕಿದರೂ ಸಂಜೆಗೆ ತಲೆ ಭಾರ. ಎಡಗೈ ಹೆಬ್ಬೆರಳು, ತೋರುಬೆರಳ ತುದಿ ಒಡೆದು ತುರಿಸುತ್ತಿದೆ. ಪಾತ್ರೆ ಸೋಪಿನಿಂದ ಅಂತಾರೆ ಅತ್ತೆ.

ಉತ್ತರ: ಸೋಪಾಗಿದ್ದರೆ ಬರೀ ಎರಡು ಬೆರಳಿಗೆ ಯಾಕೆ ಬರುತ್ತೆ? ಬ್ರಷ್ ಒರೆಸುವ ಟಿಶ್ಯೂ ಯಾವ ಕೈಯಲ್ಲಿ ಹಿಡಿಯುತ್ತೀರಿ, ನೋಡಿಕೊಳ್ಳಿ. ಲಿಕ್ವಿಡ್‌ನಲ್ಲಿ ನೆಂದ ಟಿಶ್ಯೂ ದಿನವಿಡೀ ಆ ಎರಡು ಬೆರಳ ಮಧ್ಯೆಯೇ ಇರುತ್ತೆ ಅಲ್ವಾ? ನನಗೆ ಅಕ್ರಿಲೇಟ್, ಅಂದರೆ ಆ ಲಿಕ್ವಿಡ್‌ನಲ್ಲಿರುವ ರಾಸಾಯನಿಕದ ಅಲರ್ಜಿ ಅನುಮಾನ. ಕೆಲಸ ನಿಲ್ಲಿಸಿ, ಬಾಟಲಿಗಳ ಲೇಬಲ್ ಫೋಟೊ ತೆಗೆದುಕೊಂಡು ಚರ್ಮದ ಡಾಕ್ಟರ ಹತ್ತಿರ ಹೋಗಿ, ಪ್ಯಾಚ್ ಟೆಸ್ಟ್ (ಚರ್ಮಕ್ಕೆ ಪಟ್ಟಿ ಅಂಟಿಸಿ ಅಲರ್ಜಿ ನೋಡುವ ಪರೀಕ್ಷೆ) ಕೇಳಿ. ಈ ಅಲರ್ಜಿ ಒಮ್ಮೆ ಅಂಟಿಕೊಂಡರೆ ಸಾಮಾನ್ಯವಾಗಿ ಬಿಡುವುದಿಲ್ಲ. ಹಲ್ಲಿನ ಫಿಲ್ಲಿಂಗ್, ಮಂಡಿ ಆಪರೇಷನ್ನಿನ ಸಿಮೆಂಟ್‌ನಲ್ಲೂ ಇದೇ ಜಾತಿಯ ರಾಸಾಯನಿಕ ಇರುತ್ತೆ. ಆ ಡಾಕ್ಟರುಗಳಿಗೂ ಮುಂದೆ ಹೇಳಬೇಕಾಗುತ್ತೆ.

ತಲೆಭಾರಕ್ಕೆ ಮಾಸ್ಕ್ ಉಪಯೋಗವಿಲ್ಲ. ಉಗುರು ಉಜ್ಜುವಾಗ ಏಳುವ ಪುಡಿಯನ್ನು ಎನ್-95 ತಡೆಯುತ್ತೆ, ಲಿಕ್ವಿಡ್‌ನ ಆವಿ ಅದರೊಳಗಿಂದ ಸರಾಗ ಬರುತ್ತೆ. ಫ್ಯಾನ್ ಸುಮ್ನೆ ಅದನ್ನೇ ರೂಮಿನಲ್ಲಿ ಸುತ್ತಿಸುತ್ತೆ. ಗಾಳಿಗಿಂತ ಭಾರವಾದ ಆವಿ ಅದು, ಹಾಗಾಗಿ ಟೇಬಲ್ ಮಟ್ಟದಲ್ಲೇ ಎಳೆದು ಹೊರಗೆ ಬಿಡುವ ಎಕ್ಸಾಸ್ಟ್ ಬೇಕು. ದುಡ್ಡು ಖರ್ಚಿಲ್ಲದ್ದು ಇವತ್ತೇ ಮಾಡಿ: ಲಿಕ್ವಿಡ್ ಬಟ್ಟಲಿಗೆ ಮುಚ್ಚಳ, ಟಿಶ್ಯೂ ಹಾಕುವ ಡಬ್ಬಕ್ಕೂ ಮುಚ್ಚಳ.

ಪ್ರಶ್ನೆ: ಮೆಡಿಕಲ್ ಶಾಪಿನ ಬಿಳಿ ಗ್ಲೌಸ್ ಹಾಕಿದರೆ?

ಉತ್ತರ: ಅದು ಲೇಟೆಕ್ಸ್ (ರಬ್ಬರ್) ಆಗಿದ್ದರೆ ಬೇಡ, ಲಿಕ್ವಿಡ್ ಬೇಗ ಒಳಗೆ ಇಳಿಯುತ್ತೆ. ನೈಟ್ರೈಲ್ (ಕೃತಕ ರಬ್ಬರ್) ಗ್ಲೌಸ್ ತೆಗೆದುಕೊಳ್ಳಿ. ಅದರ ಮೇಲೂ ಹನಿ ಬಿದ್ದ ತಕ್ಷಣ ಬದಲಿಸಿ. ಒಂದೇ ಜೊತೆಯಲ್ಲಿ ಬೆಳಿಗ್ಗೆಯಿಂದ ಸಂಜೆವರೆಗೆ ಎಳೆಯುವುದು ಬರಿಗೈಗಿಂತ ಕೆಟ್ಟದ್ದು. ಒಳಗೆ ಇಳಿದದ್ದು ಚರ್ಮಕ್ಕೆ ಒತ್ತಿಕೊಂಡೇ ಇರುತ್ತೆ.

ಪ್ರಶ್ನೆ (ಇನ್ನೊಬ್ಬರು): ಅಕ್ಕ, ಲೇಬಲ್ ಇಲ್ಲದ ಅಗ್ಗದ ಲಿಕ್ವಿಡ್ ತಂದಿದ್ದೇನೆ. ಅದರಿಂದ ಮಾಡಿದ ಉಗುರು ತೆಗೆಯೋಣ ಅಂದರೆ ಅಸಿಟೋನ್‌ನಲ್ಲಿ (ನೇಲ್ ಪಾಲಿಶ್ ತೆಗೆಯುವ ದ್ರವ) ನೆನೆಸಿದರೂ ಕರಗುತ್ತಿಲ್ಲ.

ಉತ್ತರ: ಅದು ಎಂಎಂಎ (ಮೀಥೈಲ್ ಮೆಥಾಕ್ರಿಲೇಟ್) ಇರಬಹುದು. ಅಮೆರಿಕದ ಔಷಧ, ಸೌಂದರ್ಯವರ್ಧಕಗಳ ನಿಯಂತ್ರಣ ಸಂಸ್ಥೆ ಎಫ್‌ಡಿಎ 1970ರ ದಶಕದಲ್ಲೇ ಉಗುರಿಗೆ ಬಳಸುವ ಶುದ್ಧ ಎಂಎಂಎ ಲಿಕ್ವಿಡ್ ಮೇಲೆ ಕ್ರಮ ಕೈಗೊಂಡಿತ್ತು. ಅದರಿಂದ ಮಾಡಿದ ಉಗುರು ತುಂಬಾ ಗಟ್ಟಿ. ಬೈಕ್ ಹ್ಯಾಂಡಲ್‌ಗೆ ತಗುಲಿದರೆ ಆರ್ಟಿಫಿಷಿಯಲ್ ಉಗುರು ಮುರಿಯದೆ, ಕೆಳಗಿನ ನಿಜವಾದ ಉಗುರನ್ನೇ ಕಿತ್ತುಕೊಂಡು ಬರುತ್ತೆ. ಇಎಂಎ (ಈಥೈಲ್ ಮೆಥಾಕ್ರಿಲೇಟ್) ಅಂತ ಲೇಬಲ್ ಇರುವುದನ್ನೇ ಕೊಳ್ಳಿ. ನೀವು ತಂದಿರುವ ಲಿಕ್ವಿಡ್ ಸಿಂಕಿಗೆ ಸುರಿಯಬೇಡಿ, ವಾಪಸ್ ಕೊಡಿ.

ಹಾಂ, ಅಸಿಟೋನ್ ಅಂದಾಗ ನೆನಪಾಯಿತು, ಅದಕ್ಕೆ ಬೇಗ ಬೆಂಕಿ ಹತ್ತುತ್ತೆ. ದೇವರ ಫೋಟೊ ಮುಂದಿನ ದೀಪ, ಊದುಬತ್ತಿ ಆರಿದ ಮೇಲೆಯೇ ಆ ಬಾಟಲಿ ತೆರೆಯಿರಿ.