ಮಳೆಗಾಲಕ್ಕೆ ಪೈ ಬೋರ್ಡ್ ಬೂಟ್ ಆಗ್ತಿಲ್ಲ, ನಿಮಗೆ ಆದದ್ದು ಹೇಳಿ

ಹೊಸನಗರದಿಂದ:
ತೋಟದ ಮಳೆ ಲೆಕ್ಕಕ್ಕೆ, ಮಂಗನ ಕಾಟ ನೋಡುವ ಕ್ಯಾಮೆರಾಕ್ಕೆ ಅಂತ ರಾಸ್ಪ್‌ಬೆರಿ ಪೈ 4 ಅನ್ನುವ ಪುಟ್ಟ ಕಂಪ್ಯೂಟರ್ ಬೋರ್ಡ್ ಇಟ್ಟಿದ್ದೇನೆ. ಮೊನ್ನೆ ಗುಡುಗಿನ ಹೊತ್ತಿಗೆ ಕರೆಂಟ್ ನಾಲ್ಕೈದು ಸಲ ಹೋಗಿ ಬಂತು. ಅವತ್ತಿನಿಂದ ಬೂಟ್ ಆಗುತ್ತಿಲ್ಲ, ಶುರುವೇ ಆಗುವುದಿಲ್ಲ. ಕೆಂಪು ದೀಪ ಉರಿಯುತ್ತದೆ. ಹಸಿರು ದೀಪ ನಾಲ್ಕು ಸಲ ಮಿಣುಕಿ ನಿಲ್ಲುತ್ತದೆ, ಮತ್ತೆ ನಾಲ್ಕು. ಬೋರ್ಡೇ ಹೋಯಿತಾ?

ತೀರ್ಥಹಳ್ಳಿಯಿಂದ:
ಕಳೆದ ವರ್ಷ ನಾನು ಸುಮ್ನೆ ಸುರಿದ ದುಡ್ಡು ಕೇಳಿ. 480 ರೂಪಾಯಿಯ ಮೆಮೊರಿ ಕಾರ್ಡ್ ಮೂರು. ಶಿವಮೊಗ್ಗಕ್ಕೆ ಎರಡು ಸಲ ಬಸ್ಸು, ಎರಡು ದಿನದ ಕೆಲಸ ಹಾಳು. ಅಂಗಡಿಯವರು ಬೋರ್ಡ್ ಸತ್ತಿದೆ, ಹೊಸದು ತಗೊಳ್ಳಿ ಅಂದರು. ಕೊನೆಗೆ ಬೋರ್ಡ್‌ಗೆ ಎಷ್ಟು ವೋಲ್ಟ್ ಬರುತ್ತಿದೆ ಅಂತ ನಾನೇ ಅದರ 2 ಮತ್ತು 6ನೇ ಪಿನ್‌ಗೆ ಮಲ್ಟಿಮೀಟರ್ ಹಿಡಿದೆ. ಮೊದಲಿಗೆ 5 ವೋಲ್ಟ್. ಕ್ಯಾಮೆರಾ ಶುರುವಾದ ಕೂಡಲೇ 4.5, ಬೋರ್ಡ್ ರೀಸ್ಟಾರ್ಟ್. 4.63ರ ಕೆಳಗಿಳಿದರೆ ವೋಲ್ಟೇಜ್ ಕಮ್ಮಿ ಅಂತ ಪೈಯೇ ಎಚ್ಚರಿಸುತ್ತದೆ, ನಾನು ನೋಡಿರಲಿಲ್ಲ. ಹಾಕಿದ್ದು ಫೋನ್ ಚಾರ್ಜರ್. 5 ವೋಲ್ಟ್ 3 ಆಂಪ್‌ನ ಅಡಾಪ್ಟರ್ ಹಾಕಿದ ಮೇಲೆ ಒಂದು ದಿನವೂ ಕೈಕೊಟ್ಟಿಲ್ಲ.

ಸಾಗರದಿಂದ:
ಎಲ್ಲದಕ್ಕೂ ಅಡಾಪ್ಟರ್ ಅನ್ನಬೇಡಿ ಮಾರಾಯ್ರೆ. ನನ್ನದು ಮೊದಲಿನಿಂದಲೂ ಒರಿಜಿನಲ್ ಅಡಾಪ್ಟರ್. ಆದರೂ 14 ತಿಂಗಳ ಮಳೆ ಲೆಕ್ಕ ಒಂದೇ ರಾತ್ರಿಗೆ ಹೋಯಿತು. ಕಾರ್ಡ್‌ಗೆ ಬರೆಯುತ್ತಿರುವಾಗ ಕರೆಂಟ್ ಹೋದರೆ ಫೈಲ್ ಕೆಡುತ್ತದೆ. ನನ್ನದೂ ಹೀಗೇ ನಾಲ್ಕು ಸಲ ಮಿಣುಕಿತು. ಬೋರ್ಡ್ ಏಳಲು ಕಾರ್ಡ್‌ನಲ್ಲಿ ಇರಬೇಕಾದ ಸ್ಟಾರ್ಟ್ ಫೈಲ್ ಸಿಗುತ್ತಿಲ್ಲ ಅಂತ ಅದರ ಅರ್ಥ. ಕಾರ್ಡ್‌ಗೆ ಓಎಸ್ (ಕಂಪ್ಯೂಟರ್ ನಡೆಸುವ ತಂತ್ರಾಂಶ) ಮತ್ತೆ ಹಾಕಿದೆ, ಬೋರ್ಡ್ ಎದ್ದಿತು. ಲೆಕ್ಕ ಮಾತ್ರ ಬರಲಿಲ್ಲ. ಈಗ ಕಾರ್ಡ್‌ಗೆ ಏನೂ ಬರೆಯದ ಹಾಗೆ ಓವರ್‌ಲೇ ಆನ್ ಮಾಡಿ, ಲೆಕ್ಕವನ್ನೆಲ್ಲ ಯುಎಸ್‌ಬಿಗೆ ಹಾಕಿದ ಎಸ್‌ಎಸ್‌ಡಿ ಡಿಸ್ಕ್‌ಗೆ ಬರೆಸುತ್ತೇನೆ.

ಆಗುಂಬೆ ಕಡೆಯಿಂದ:
ಎಸ್‌ಎಸ್‌ಡಿ ಅಂತ ಹೇಳುವುದು ಸುಲಭ. ಪೈ 4ರಲ್ಲಿ ನಾಲ್ಕೂ ಯುಎಸ್‌ಬಿಗೆ ಸೇರಿ ಸಿಗುವುದೇ 1.2 ಆಂಪ್, ಎಸ್‌ಎಸ್‌ಡಿಗೂ ಅದರಲ್ಲೇ ಕರೆಂಟ್ ಬೇಕಲ್ಲ. ನಮ್ಮಲ್ಲಿ ತೊಂದರೆ ಕೊಟ್ಟದ್ದು ಮಳೆಗಾಲದ ತೇವ. ಜುಲೈನಲ್ಲಿ ಡಬ್ಬಿ ಬಿಚ್ಚಿದರೆ ಪಿನ್‌ಗಳ ಬುಡದಲ್ಲಿ ಹಸಿರು ಕಿಲುಬು, ಮೂಲೆಯಲ್ಲಿ ಇರುವೆ ಮೊಟ್ಟೆ. ಹಳೇ ಹಲ್ಲುಜ್ಜುವ ಬ್ರಷ್‌ಗೆ ಐಸೊಪ್ರೊಪೈಲ್ ಆಲ್ಕೋಹಾಲ್ ತಾಗಿಸಿ ಉಜ್ಜಿದೆ. ಎರಡು ದಿನ ಒಲೆ ಹತ್ತಿರದ ಗೂಡಿನಲ್ಲಿ ಒಣಗಿಸಿದೆ. ಬೂಟ್ ಆಯಿತು. ಹೊಸ ಬೋರ್ಡ್‌ಗೆ ಅಂತ 6,000 ಎತ್ತಿಟ್ಟಿದ್ದೆ, ಉಳಿಯಿತು.

ಶಿವಮೊಗ್ಗದಿಂದ:
ಮಳೆ ಎಣಿಸಲು ಲಿನಕ್ಸ್ ಓಡಿಸುವ ಇಡೀ ಕಂಪ್ಯೂಟರ್ ಯಾಕೆ? ನಾನು ಪೈ ತೆಗೆದು ಇಎಸ್‌ಪಿ32 ಅನ್ನುವ ಪುಟ್ಟ ಚಿಪ್ ಹಾಕಿದೆ. ಕಾರ್ಡ್ ಕೆಡುವ ಮಾತೇ ಇಲ್ಲ. ಕರೆಂಟ್ ಬಂದ ಕೂಡಲೇ ಏಳುತ್ತದೆ.

ಸಾಗರದಿಂದ:
ಅವರು ಕ್ಯಾಮೆರಾನೂ ಇದೆ ಅಂದಿದ್ದಾರೆ, ಓದಿದ್ರಾ? ಪೇಟೆಯಲ್ಲಿರುವವರಿಗೆ ನಮ್ಮ ಕರೆಂಟ್ ಕಷ್ಟ ಗೊತ್ತಿಲ್ಲ.

ಶಿವಮೊಗ್ಗದಿಂದ:
ನನ್ನ ತೋಟ ಇರುವುದು ನಗರ ಹೋಬಳಿಯಲ್ಲಿ ಸಾರ್. ಗೊತ್ತಿಲ್ಲದೆ ಮಾತಾಡಬೇಡಿ. ಅಷ್ಟು ಜೋರು ಮಳೆಯಲ್ಲಿ ನಿಮ್ಮ ಟಿಪ್ಪಿಂಗ್ ಬಕೆಟ್ (ತುಂಬಿದಾಗೆಲ್ಲ ಮಗುಚಿ ಮಳೆ ಎಣಿಸುವ ಪುಟ್ಟ ಬಟ್ಟಲು) ಮಗುಚುವಷ್ಟರಲ್ಲಿ ನೀರು ತಪ್ಪಿಹೋಗಿ ಲೆಕ್ಕವೇ ಕಮ್ಮಿ ಬರುತ್ತದೆ. 14 ತಿಂಗಳದ್ದು ಇದ್ದರೂ ತಪ್ಪು ಲೆಕ್ಕವೇ.

ಆಗುಂಬೆ ಕಡೆಯಿಂದ:
ಅದಂತೂ ನಿಜ. ನಾನು ಈಗಲೂ ಬೆಳಗ್ಗೆ 8.30ಕ್ಕೆ ಗಾಜಿನ ಅಳತೆ ನೋಡಿ ಪುಸ್ತಕದಲ್ಲಿ ಬರೆಯುತ್ತೇನೆ.

ತೀರ್ಥಹಳ್ಳಿಯಿಂದ:
ಮಳೆ ಜಗಳ ಆಮೇಲೆ ಆಡಿ. ಅಡಾಪ್ಟರ್ ಯಾವುದು ಅಂತ ಒಬ್ಬರಾದರೂ ಕೇಳಿದ್ರಾ?

ಹೊಸನಗರದಿಂದ:
ಅಡಾಪ್ಟರ್ 3 ಆಂಪ್‌ನದ್ದೇ. ಕಾರ್ಡ್ ಲ್ಯಾಪ್‌ಟಾಪ್‌ಗೆ ಹಾಕಿದೆ, ಬೂಟ್ ಭಾಗ ಖಾಲಿ ತೋರಿಸುತ್ತದೆ. ಜೂನ್ 1ರಿಂದ ಮಳೆ ಲೆಕ್ಕ ಅದರಲ್ಲೇ ಇದೆ. ಹೊಸದಾಗಿ ಓಎಸ್ ಹಾಕಲಾ?

ಸಾಗರದಿಂದ:
ಬೇಡ, ಈಗಲೇ ಹಾಕಬೇಡಿ. ಮೊದಲು ಇಡೀ ಕಾರ್ಡ್‌ನ ಇಮೇಜ್, ಅಂದರೆ ಇದ್ದ ಹಾಗೇ ಪೂರ್ತಿ ನಕಲು, ತೆಗೆದಿಡಿ. ಲೆಕ್ಕ ಇರುವುದು ಎರಡನೇ ಭಾಗದಲ್ಲಿ, ಅದು ಉಳಿದಿರಬಹುದು. ನಾನು ಇದನ್ನೇ ಮಾಡಲಿಲ್ಲ.