ಗ್ವಾನಿನ್ ವಿಚಾರ: ‘ಉತ್ಕರ್ಷಣ’ವೋ ‘ಆಕ್ಸೀಕರಣ’ವೋ?

ಪ್ರಶ್ನೆ:
ಕಾಸರಗೋಡಿನಲ್ಲಿ ಕನ್ನಡ ಮಾಧ್ಯಮದಿಂದ ಬಂದ ಕಾಲೇಜು ಮಕ್ಕಳಿಗಾಗಿ ಡಿಎನ್‌ಎ ಹಾನಿಯ, ಅದರಲ್ಲೂ ಡಿಎನ್‌ಎಯ ನಾಲ್ಕು ಪ್ರತ್ಯಾಮ್ಲಗಳಲ್ಲಿ (ಬೇಸ್) ಒಂದಾದ ಗ್ವಾನಿನ್ನಿನ ಹಾನಿಯ ಬಗ್ಗೆ ಪ್ರಯೋಗದ ಟಿಪ್ಪಣಿ ತಯಾರಾಗುತ್ತಿದೆ. ಮಲಯಾಳದ ‘ಓಕ್ಸೀಕರಣಂ’ ಸುತ್ತಮುತ್ತ ಕೇಳಿಸುವುದರಿಂದ ‘ಆಕ್ಸೀಕರಣ’ ಬೇಗ ತಲೆಗೆ ಹತ್ತುತ್ತದೆ. ಕರ್ನಾಟಕದ ಪುಸ್ತಕಗಳಲ್ಲಿ ‘ಉತ್ಕರ್ಷಣ’ ಇದೆ. ಆಕ್ಸಿಡೇಶನ್ನಿಗೆ ಯಾವುದು ಸರಿ? ಸ್ಪೆಕ್ಟ್ರಮ್‌ಗೆ ‘ರೋಹಿತ’ ಸಾಕೇ, ‘ವರ್ಣರಾಜಿ’ ಬೇಕೇ? ಹಾನಿಗೊಂಡ ಗ್ವಾನಿನ್ನಿಗೆ ಹೇಳುವ 8-ಹೈಡ್ರಾಕ್ಸಿ, 8-ಆಕ್ಸೊ ಎರಡೂ ಒಂದೆಯೇ?

ಉತ್ತರ:
ಮಾಷ್ಟ್ರೇ, ನನ್ನ ಮತ ‘ಉತ್ಕರ್ಷಣ’ಕ್ಕೆ. ಇಲ್ಲಿ ಅದರ ಅರ್ಥ ಎಲೆಕ್ಟ್ರಾನ್ ಕಳೆದುಕೊಳ್ಳುವುದು. ನಾಲ್ಕು ಪ್ರತ್ಯಾಮ್ಲಗಳಲ್ಲಿ ಎಲೆಕ್ಟ್ರಾನನ್ನು ಅತಿ ಸುಲಭವಾಗಿ ಬಿಟ್ಟುಕೊಡುವುದು ಗ್ವಾನಿನ್: ಅದಕ್ಕೆ ಬೇಕಾದ ವಿಭವ ಸುಮಾರು 1.29 ವೋಲ್ಟ್, ಅಡೆನಿನ್‌ಗೆ 1.42. ಆ ಹಂತದಲ್ಲಿ ಆಕ್ಸಿಜನ್ ಸೇರುವುದೇ ಇಲ್ಲ. ಆಮೇಲೆ 8ನೇ ಕಾರ್ಬನ್ನಿಗೆ ನೀರು ಸೇರಿ, ಇನ್ನೊಂದು ಎಲೆಕ್ಟ್ರಾನ್ ಹೋದರೆ 8-ಆಕ್ಸೊಗ್ವಾನಿನ್. ‘ಆಕ್ಸೀಕರಣ’ ಎಂದು ಬರೆದರೆ ಮಕ್ಕಳು ಗಾಳಿಯ ಆಕ್ಸಿಜನ್ ಹುಡುಕುತ್ತಾ ಕೂರುತ್ತಾರೆ. ಹೈಡ್ರಾಕ್ಸಿಲ್ ರ್‍ಯಾಡಿಕಲ್ (ಒಂಟಿ ಎಲೆಕ್ಟ್ರಾನಿನ ಚುರುಕು ಕಣ) ಮಾತ್ರ ನೇರವಾಗಿ ಅದೇ ಕಾರ್ಬನ್ನಿಗೆ ಅಂಟಿಕೊಳ್ಳುತ್ತದೆ. ಆ ದಾರಿ ಬೇರೆ.

8-ಹೈಡ್ರಾಕ್ಸಿ, 8-ಆಕ್ಸೊ ಒಂದೇ ವಸ್ತುವಿನ ಎರಡು ರೂಪ. ದ್ರಾವಣದಲ್ಲಿ ಹೆಚ್ಚಾಗಿ ಇರುವುದು ಆಕ್ಸೊ, ಹೆಸರೂ ಅದೇ ಇರಲಿ.

‘ವರ್ಣರಾಜಿ’ ಬೇಡ. ಅಳತೆ ನಡೆಯುವುದು ಅತಿನೇರಳೆಯಲ್ಲಿ, ಅಲ್ಲಿ ಕಣ್ಣಿಗೆ ಬಣ್ಣವೆಲ್ಲಿ? (ರೋಹಿತವೆಂದರೂ ಮೂಲದಲ್ಲಿ ಕೆಂಪೇ, ಆದರೆ ಅದು ಈಗ ಯಾರ ನೆನಪಿಗೂ ಬರುವುದಿಲ್ಲ.)

ಟಿಪ್ಪಣಿಯಲ್ಲಿ ಇವೂ ಇರಲಿ. ಬರೀ ಗ್ವಾನಿನ್ ನೀರಿನಲ್ಲಿ ಕರಗುವುದಿಲ್ಲವೆಂದೇ ಹೇಳಬಹುದು, ಸಕ್ಕರೆ ಅಂಟಿದ ಗ್ವಾನಿನ್ ಆದ ಡಿಆಕ್ಸಿಗ್ವಾನೊಸಿನ್ ಬಳಸಿ. 50 ಮೈಕ್ರೊಮೋಲಾರ್ ದ್ರಾವಣ ಅಳತೆಯ ಚಿಕ್ಕ ಪಾತ್ರೆಯಾದ 1 ಸೆಂ.ಮೀ. ಕ್ಯುವೆಟ್‌ನಲ್ಲಿ 253 ನ್ಯಾನೊಮೀಟರಿನ ಬಳಿ ಸುಮಾರು 0.7 ಹೀರಿಕೆ (ಅಬ್ಸಾರ್ಬೆನ್ಸ್) ತೋರಿಸುತ್ತದೆ. ಕ್ಯುವೆಟ್ ಕ್ವಾರ್ಟ್ಸ್‌ನದೇ ಆಗಬೇಕು, ಗಾಜು ಆ ಬೆಳಕನ್ನು ತಾನೇ ನುಂಗುತ್ತದೆ. ಹಾನಿ ಮಾಡುವ ರ್‍ಯಾಡಿಕಲ್ ಹುಟ್ಟಿಸಲು ಕಬ್ಬಿಣ, ಹೈಡ್ರೊಜನ್ ಪೆರಾಕ್ಸೈಡ್ ಸೇರಿಸುವಾಗ ಬಫರ್ (ಆಮ್ಲತೆ ಬದಲಾಗದಂತೆ ಹಿಡಿಯುವ ದ್ರಾವಣ) ನೋಡಿ ಆರಿಸಿ. ಟ್ರಿಸ್ ಬಫರ್ ಹೈಡ್ರಾಕ್ಸಿಲ್ ರ್‍ಯಾಡಿಕಲ್ಲನ್ನು ತಿಂದುಹಾಕುತ್ತದೆ. ಫಾಸ್ಫೇಟ್ ಹಾಕಿದರೆ ಕಬ್ಬಿಣ ಗಸಿಯಾಗಿ ಬೇರ್ಪಟ್ಟು, ದ್ರಾವಣ ಮಬ್ಬಾಗಿ, ಇಡೀ ರೇಖೆ ಮೇಲೆದ್ದೀತು. ಹಾಗಾಗಿ ಕಬ್ಬಿಣವನ್ನು ಕರಗಿದಂತೆಯೇ ಹಿಡಿದಿಡುವ ಇಡಿಟಿಎ ಬೇಕು. ಹೈಡ್ರೊಜನ್ ಪೆರಾಕ್ಸೈಡ್ ಕೂಡ 260ರ ಕೆಳಗೆ ಹೀರುತ್ತದೆ. ಡಿಆಕ್ಸಿಗ್ವಾನೊಸಿನ್ ಒಂದನ್ನು ಬಿಟ್ಟು ಉಳಿದೆಲ್ಲ ಇರುವ ಬ್ಲ್ಯಾಂಕ್ ಇಲ್ಲದೆ ಅಂಕಿ ನಂಬಬೇಡಿ.

8-ಆಕ್ಸೊ ರೂಪದ ಹೀರಿಕೆಯ ಶಿಖರ 293 ನ್ಯಾನೊಮೀಟರಿನ ಬಳಿ. ಮಿಶ್ರಣದಲ್ಲಿ ಅದು ಶಿಖರವಾಗಿ ಕಾಣದು, ದೊಡ್ಡ ಶಿಖರದ ಇಳಿಜಾರಿನಲ್ಲಿ ಉಬ್ಬಾಗಿ ಕಂಡರೂ ಪುಣ್ಯ. ಅಡುಗೆಮನೆ ಕನ್ನಡದಲ್ಲಿ ‘ಉಬ್ಬು’ ಎಂದರೇ ಸಾಕು, ಇಂಗ್ಲಿಷಿನ ‘ಶೋಲ್ಡರ್’ಗೆ ‘ಭುಜ’ ಬೇಡ. ಇನ್ನೊಂದು ತೊಡಕು: 8-ಆಕ್ಸೊಗೆ 0.74 ವೋಲ್ಟ್ ಸಾಕು, ಆದ್ದರಿಂದ ಗ್ವಾನಿನ್‌ಗಿಂತ ಮೊದಲೇ ಉತ್ಕರ್ಷಣಗೊಂಡು ಸ್ಪೈರೊಇಮಿನೊಡೈಹೈಡಾಂಟೊಯಿನ್ ಎಂಬ ಬೇರೆ ವಸ್ತು ಆಗಿಬಿಡುತ್ತದೆ. 293ರ ಹೀರಿಕೆ ಏರಿ ಮತ್ತೆ ಇಳಿದರೆ ಯಂತ್ರ ಕೆಟ್ಟಿದೆ ಎಂದುಕೊಳ್ಳಬೇಡಿ.