ಹಿಮ್ಮಡಿ ನೋವು: ಸ್ಟ್ರೆಚ್ ಮಾಡಿದಷ್ಟೂ ಜಾಸ್ತಿ ಆಗ್ತಾ ಉಂಟು, ಎಂತ ಮಾಡುದು?

ಪಣಂಬೂರು_ಓಟ:
ಬಲಗಾಲಿನ ಹಿಮ್ಮಡಿ ನೋವು. ಬೆಳಿಗ್ಗೆ ಎದ್ದ ಕೂಡಲೆ ಜೋರು, ಸ್ವಲ್ಪ ನಡೆದ ಮೇಲೆ ಕಮ್ಮಿ, ಓಡಿ ಬಂದ ಮೇಲೆ ಪುನಃ ಶುರು. ಐಸ್ ಇಟ್ಟದ್ದಾಯ್ತು, ಪಾದದಡಿ ಬಾಟಲಿ ಉರುಳಿಸಿದ್ದಾಯ್ತು, ಮೆಟ್ಟಿಲ ಅಂಚಲ್ಲಿ ನಿಂತು ಹಿಮ್ಮಡಿ ಕೆಳಗೆ ಬಿಡುವ ಸ್ಟ್ರೆಚ್ ದಿನಾ ನಡೀತಾ ಉಂಟು. ಶೂ ಹೊಸತೇ. ಸಾಕಾಗಿ ಹೋಯ್ತು ಮಾರಾಯ್ರೆ.

ಅಜ್ಜರಕಾಡು_400:
ಬೆಳಗಿನ ಮೊದಲ ಹೆಜ್ಜೆಗೆ ನೋವು ಅಂದ್ರೆ ಪ್ಲಾಂಟರ್ ಫೇಶಿಯೈಟಿಸ್, ಅಂದ್ರೆ ಅಂಗಾಲಿನ ಉದ್ದಕ್ಕೂ ಇರುವ ಫೇಶಿಯಾ ಅನ್ನುವ ಗಟ್ಟಿ ಪಟ್ಟಿಯ ನೋವು, ಬೇರೆ ಎಂತದ್ದೂ ಅಲ್ಲ. ಬಾಟಲಿಯಿಂದ ಆಗುವ ಕೆಲಸ ಅಲ್ಲ ಅದು. ಹಾಸಿಗೆಯಿಂದ ಇಳಿಯುವ ಮೊದಲೇ ಆ ಕಾಲನ್ನು ಇನ್ನೊಂದರ ಮೇಲೆ ಇಟ್ಟು, ಬೆರಳುಗಳನ್ನು ಹಿಡಿದು ಮೊಣಕಾಲಿನ ಕಡೆಗೆ ಎಳೀರಿ. 10 ಸೆಕೆಂಡ್, 10 ಸಲ, ದಿನಕ್ಕೆ 3 ಹೊತ್ತು. ಮತ್ತೆ ದಿನ ಬಿಟ್ಟು ದಿನ, ಮೆಟ್ಟಿಲ ಮೇಲೆ ಟವೆಲ್ ಸುರುಳಿ ಇಟ್ಟು, ಕಾಲ್ಬೆರಳು ಅದರ ಮೇಲೆ ಬರುವ ಹಾಗೆ ಒಂಟಿಕಾಲಲ್ಲಿ ನಿಲ್ಲಿ. ಹಿಮ್ಮಡಿ 3 ಸೆಕೆಂಡಲ್ಲಿ ಮೇಲೆ, 2 ಸೆಕೆಂಡ್ ಅಲ್ಲೇ, 3 ಸೆಕೆಂಡಲ್ಲಿ ಕೆಳಗೆ. ಮೊದಲು 12 ಸಲದ 3 ಸೆಟ್. ಎರಡು ವಾರ ಕಳೆದು ಬೆನ್ನಿಗೆ ಭಾರದ ಬ್ಯಾಗ್ ಹಾಕಿ 10ರ 4, ಮತ್ತೆರಡು ವಾರಕ್ಕೆ ಇನ್ನೂ ಭಾರ, 8ರ 5.

ಕದ್ರಿ_ಏರು:
ಮೊದಲು ಎಕ್ಸ್‌ರೇ ತೆಗೆಸಿ. ಒಳಗೆ ಎಲುಬಿನ ಮುಳ್ಳು ಬೆಳೆದಿರ್ತದೆ. ಒಂದು ಇಂಜೆಕ್ಷನ್, ಕತೆ ಮುಗೀತು.

ಅಜ್ಜರಕಾಡು_400:
ಮುಳ್ಳು ನೋವೇ ಇಲ್ಲದವರ ಎಕ್ಸ್‌ರೇಯಲ್ಲೂ ಕಾಣ್ತದೆ. ಸ್ಟಿರಾಯ್ಡ್ ಚುಚ್ಚಿದರೆ ಕೆಲವು ವಾರ ಆರಾಮ ಸಿಗಬಹುದು. ಆದರೆ ಫೇಶಿಯಾ ಹರಿಯುವ, ಹಿಮ್ಮಡಿಯ ಕೊಬ್ಬಿನ ಮೆತ್ತೆ ಸವೆಯುವ ಅಪಾಯವೂ ಉಂಟಲ್ಲ, ಅದನ್ನು ಯಾಕೆ ಹೇಳುದಿಲ್ಲ ನೀವು?

ಕದ್ರಿ_ಏರು:
ಹಾಗಾದ್ರೆ ಡಾಕ್ಟರುಗಳೆಲ್ಲ ಸುಮ್ಮನೆ ಕೊಡುದಾ?

ಫಿಸಿಯೋ_ಉಡುಪಿ:
ನಿಮ್ಮ ಜಗಳ ಆಮೇಲೆ ಮಾಡುವ. ಓಟದವರೇ, ನೋವು ಹಿಮ್ಮಡಿಯ ಅಡಿಯಲ್ಲಾ, ಹಿಂಬದಿಯಲ್ಲಾ? ಶೂವಿನ ಡ್ರಾಪ್, ಅಂದ್ರೆ ಬೆರಳ ಬದಿಗಿಂತ ಹಿಮ್ಮಡಿ ಬದಿ ಎತ್ತರ ಇರುದು, ಎಷ್ಟು? ಓಡುದು ರಸ್ತೆಯಲ್ಲೋ ಮರಳಲ್ಲೋ? ಇತ್ತೀಚೆಗೆ ಸಿಪ್ರೊಫ್ಲಾಕ್ಸಸಿನ್, ಲಿವೊಫ್ಲಾಕ್ಸಸಿನ್ ಥರದ ಆಂಟಿಬಯೋಟಿಕ್ ತಗೊಂಡಿದ್ದೀರಾ? ಅವು ಅಕಿಲಿಸ್ ಟೆಂಡನ್‌ಗೆ, ಅಂದ್ರೆ ಮೀನಖಂಡವನ್ನು ಹಿಮ್ಮಡಿಗೆ ಜೋಡಿಸುವ ದಪ್ಪ ನಾರಿಗೆ, ಪೆಟ್ಟು ಕೊಡಬಹುದು.

ಪಣಂಬೂರು_ಓಟ:
ಹಿಂಬದಿಯಲ್ಲೇ, ಶೂವಿನ ಅಂಚು ತಾಗುವಲ್ಲಿ. ಸ್ವಲ್ಪ ದಪ್ಪ ಆಗಿ ಮುಟ್ಟಿದರೆ ನೋವು. ಶೂ ಝೀರೋ ಡ್ರಾಪ್. ಓಡುದು ಪಣಂಬೂರು ಬೀಚಲ್ಲಿ, ಹೆಸರಲ್ಲೇ ಉಂಟಲ್ಲ! ಮಾತ್ರೆ ಯಾವುದೂ ಇಲ್ಲ.

ಅಜ್ಜರಕಾಡು_400:
ಫೇಶಿಯಾದ್ದು, ಅಕಿಲಿಸ್‌ದ್ದು ಎರಡೂ ಒಟ್ಟಿಗೆ ಇರ್ಲಿಕ್ಕೂ ಸಾಕು. ಟವೆಲ್ ಬಿಡಬೇಡಿ.

ಫಿಸಿಯೋ_ಉಡುಪಿ:
ಟವೆಲ್ ಸದ್ಯ ಬದಿಗಿಡಿ. ಫೇಶಿಯಾದ್ದಾದ್ರೆ ಹಿಮ್ಮಡಿಯ ಅಡಿ, ಒಳಬದಿಯಲ್ಲಿ ಒತ್ತಿದಾಗ ನೋವಾಗಬೇಕು. ಇದು ಅಕಿಲಿಸ್ ಎಲುಬಿಗೆ ಅಂಟುವ ಜಾಗದ ತೊಂದರೆಯ ಹಾಗೆ ಕಾಣ್ತದೆ. ಪಾದ ಮೇಲಕ್ಕೆ ಬಾಗಿದಷ್ಟೂ ಅಲ್ಲಿ ಟೆಂಡನ್ ಎಲುಬಿಗೆ ಒತ್ತಿಕೊಳ್ತದೆ. ಮೆಟ್ಟಿಲ ಸ್ಟ್ರೆಚ್, ಝೀರೋ ಡ್ರಾಪ್, ಹಿಮ್ಮಡಿ ಹೂತುಹೋಗುವ ಒಣಮರಳು, ಕುಕ್ಕರುಗಾಲಲ್ಲಿ ಕೂತುಕೊಳ್ಳುದು, ಎಲ್ಲ ಒತ್ತುದು ಅದೇ ಜಾಗವನ್ನು. ನೋವು ಹೆಚ್ಚಾಗದೆ ಇನ್ನೆಂತ ಆಗಬೇಕು?

ಸ್ಟ್ರೆಚ್ ಪೂರ್ತಿ ನಿಲ್ಲಿಸಿ. ಎರಡೂ ಶೂಗೆ ಸುಮಾರು 10 ಮಿಲಿಮೀಟರ್ ಹೀಲ್ ಪ್ಯಾಡ್ ಹಾಕಿ. ಒಂದಕ್ಕೆ ಮಾತ್ರ ಹಾಕಿದರೆ ಸೊಂಟ ತಕರಾರು ತೆಗೀಬಹುದು. ವ್ಯಾಯಾಮ ಸಮತಟ್ಟು ನೆಲದಲ್ಲಿ ಮಾತ್ರ, ಹಿಮ್ಮಡಿ ನೆಲಕ್ಕಿಂತ ಕೆಳಗೆ ಇಳೀಬಾರದು. ನೋವು ಜೋರಿದ್ದರೆ ಹಿಮ್ಮಡಿ ಎತ್ತಿ 45 ಸೆಕೆಂಡ್ ಹಿಡಿಯುದು, 5 ಸಲ, ನಡುವೆ ಎರಡು ನಿಮಿಷ ಬಿಡುವು. ಅದು ಸಲೀಸಾದ ಮೇಲೆ ವಾರಕ್ಕೆ 3 ದಿನ 15ರ 3 ಸೆಟ್, ಏರ್ಲಿಕ್ಕೆ 3 ಸೆಕೆಂಡ್, ಇಳೀಲಿಕ್ಕೆ 3. ಮೊದಲು ಎರಡು ಕಾಲು, ಆಮೇಲೆ ಒಂದು, ಆಮೇಲೆ ಭಾರ. ಮೊಣಕಾಲು ಬಗ್ಗಿಸಿಯೂ ಮಾಡಬೇಕು, ಮೀನಖಂಡದ ಒಳಗಿನ ಸ್ನಾಯು ಸೋಲಿಯಸ್‌ಗೆ ಹೆಚ್ಚು ಕೆಲಸ ಸಿಗುದು ಅದರಲ್ಲಿ. ಮಾಡುವಾಗ 10ಕ್ಕೆ 5ರವರೆಗೆ ನೋವು ಆಗಬಹುದು, ಮರುದಿನ ಬೆಳಿಗ್ಗೆ ಹೆಚ್ಚಾಗಿರಬಾರದು. ಕಡಿಮೆ ಅಂದ್ರೂ 12 ವಾರ. ಎರಡೂ ಹಿಮ್ಮಡಿ ನೋವು, ಬೆಳಿಗ್ಗೆ ಸೊಂಟವೂ ಅರ್ಧ ಗಂಟೆ ಮೀರಿ ಬಿಗಿ ಅಂತಿದ್ದರೆ ಸಂಧಿವಾತದ ಡಾಕ್ಟರಿಗೆ ತೋರಿಸಿ. ಟಪ್ ಅಂತ ಶಬ್ದ ಆಗಿ ಕಾಲ್ತುದಿಯಲ್ಲಿ ನಿಲ್ಲಲು ಆಗದಿದ್ದರೆ ಅದೇ ದಿನ ಆಸ್ಪತ್ರೆಗೆ.

ಕದ್ರಿ_ಏರು:
ಮನೆಯಲ್ಲಿ ಹಲಸಿನ ಹಲಗೆಯ ಸ್ಲಾಂಟ್ ಬೋರ್ಡ್ ಉಂಟು, ಇಳಿಜಾರಲ್ಲಿ ನಿಂತು ಸ್ಟ್ರೆಚ್ ಮಾಡ್ಲಿಕ್ಕೆ. 15, 20, 25 ಡಿಗ್ರಿ, ಮೂರು ಹಂತ, ಮೇಲೆ ರಬ್ಬರ್ ಮ್ಯಾಟ್. ಬೇಕಾದ್ರೆ ಅಳತೆ ಹಾಕ್ತೇನೆ.

ಫಿಸಿಯೋ_ಉಡುಪಿ:
ಈಗಷ್ಟೇ ಹೇಳಿದ್ದಲ್ವಾ, ಪಾದ ಮೇಲಕ್ಕೆ ಬಾಗಬಾರದು ಅಂತ!

ಮಲ್ಪೆ_ಮೈಲಿ:
ಝೀರೋ ಡ್ರಾಪ್‌ಗೆ ಸುಮ್ಮನೆ ಬಯ್ಯಬೇಡಿ. ನಿಧಾನಕ್ಕೆ ಅಭ್ಯಾಸ ಮಾಡಿದರೆ ಏನೂ ಆಗುದಿಲ್ಲ. ನೀರಂಚಿನ ಗಟ್ಟಿ ಮರಳಲ್ಲಿ ಓಡಿದರೆ ಸಾಕು.

ಅಜ್ಜರಕಾಡು_400:
ನೀರಂಚು ಒಂದು ಬದಿಗೆ ಇಳಿಜಾರು. ಹೋಗುವಾಗ ಒಂದು ಕಾಲು ತಗ್ಗಿನಲ್ಲಿ, ಬರುವಾಗ ಇನ್ನೊಂದು. ಮಂಗಳೂರಲ್ಲಿ ಮಂಗಳಾ ಸ್ಟೇಡಿಯಂನ ಟ್ರ್ಯಾಕ್ ಇರುವಾಗ ಬೀಚೇ ಯಾಕೆ?

ಮಲ್ಪೆ_ಮೈಲಿ:
ಟ್ರ್ಯಾಕಲ್ಲಿ ಒಂದೇ ಬದಿಗೆ ತಿರುಗಿ ತಿರುಗಿ ಓಡುದು ಭಾರೀ ಒಳ್ಳೇದಾ ಹಾಗಾದ್ರೆ?

ಪಣಂಬೂರು_ಓಟ:
ಹೀಲ್ ಪ್ಯಾಡ್ ಮನೆಯ ಚಪ್ಪಲಿಗೂ ಬೇಕಾ? ಮನೆಯೊಳಗೆ ಬರಿಗಾಲಲ್ಲೇ ಇರುದು.

ಕದ್ರಿ_ಏರು:
ಆ ಝೀರೋ ಡ್ರಾಪ್ ಶೂ ಎಷ್ಟನೇ ಸೈಜ್? 9 ಆದ್ರೆ ಕೊಡುದುಂಟಾ?